ಶ್ರೇಯ ಬೇರೆ, ಅಂಕ ಬೇರೆ

ನಾಗರಪಂಚಮಿ ಎಂದರೆ ಕನ್ನಡನಾಡಿನಲ್ಲಿ ಹುತ್ತಕ್ಕೆ ಹಾಲೆರೆಯುವ, ಜೋಕಾಲಿ ಜೀಕುವ, ಉಂಡಿ ಕಟ್ಟುವ ಹಬ್ಬ. ಬನಾರಸಿನಲ್ಲಿ ಅದು ಪೈಲ್ವಾನರ ಹಬ್ಬವೂ ಹೌದು. ಅಂದು ಅಖಾಡದ ಮಣ್ಣನ್ನು ಅಗೆದು, ಎಣ್ಣೆ ಅರಿಸಿನ ಬೆರೆಸಿ ಹದ ಮಾಡುತ್ತಾರೆ. ಹನುಮಂತನ ಪೂಜೆಯಾಗುತ್ತದೆ. ಆಮೇಲೆ ತುಳಸಿ ಘಾಟಿನ ಅಖಾಡದಂಥ ಕಡೆಗಳಲ್ಲಿ ಊರವರ ಎದುರಿಗೇ ಬಲಪರೀಕ್ಷೆ. ಅಲ್ಲಿ ನಡೆಯುವ ಸ್ಪರ್ಧೆಗಳಲ್ಲಿ ಎರಡು ಬಗೆ. ಒಂದು, ‘ಜೋಡಿ’ ತಿರುಗಿಸುವುದು: ಎರಡೂ ಕೈಯಲ್ಲಿ ಭಾರವಾದ ಮರದ ಕೊಂತಗಳನ್ನು ಹಿಡಿದು ಬೆನ್ನ ಹಿಂದಿನಿಂದ ಸುತ್ತಿ ತರಬೇಕು. ಇನ್ನೊಂದು, ಕುಸ್ತಿ.

ಜೋಡಿಯ ಲೆಕ್ಕ ಸುಲಭ. ಕೊಂತದ ತೂಕ ಎಲ್ಲರಿಗೂ ಗೊತ್ತು. ಎಷ್ಟು ಸುತ್ತು ಬಂತು ಎಂಬುದನ್ನು ನೋಡುವವರು ಎಣಿಸಬಹುದು. ತಕರಾರಿಗೆ ಜಾಗವಿಲ್ಲ. ಕುಸ್ತಿಯ ಲೆಕ್ಕವೂ ಒಂದು ಹಂತದವರೆಗೆ ಸುಲಭವೇ: ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ ‘ಚಿತ್’. ಮೈಸೂರಿನ ಗರಡಿಯಲ್ಲೂ ಅದೇ ಪದ, ಬನಾರಸಿನ ಅಖಾಡದಲ್ಲೂ ಅದೇ ಪದ. ಕಷ್ಟ ಶುರುವಾಗುವುದು ಅದಕ್ಕೂ ಮೊದಲು. ಯಾರು ಯಾರ ಮೇಲೆ ಬೀಳಬೇಕು? ಯಾವ ಕುಸ್ತಿ ಮೊದಲು, ಯಾವುದು ಕೊನೆಗೆ? ಯಾರ ಜೊತೆ ಯಾರನ್ನು ಬಿಟ್ಟರೆ ಅನ್ಯಾಯ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ರ‍್ಯಾಂಕಿಂಗ್ ಎನ್ನುತ್ತಾರೆ. ಕನ್ನಡ ಪತ್ರಿಕೆಗಳು ಅದಕ್ಕೆ ‘ಶ್ರೇಯಾಂಕ’ ಎಂಬ ಪದ ಬಳಸುತ್ತವೆ.

ಈ ಪದದಲ್ಲೇ ಒಂದು ತೊಡಕಿದೆ. ಶ್ರೇಯ ಎಂದರೆ ಹಿರಿಮೆ, ಮೇಲ್ಮೆ. ಅಂಕ ಎಂದರೆ ಸಂಖ್ಯೆ. ಎರಡನ್ನೂ ಸಂಧಿ ಮಾಡಿ ಒಂದೇ ಉಸಿರಿನಲ್ಲಿ ಹೇಳಿದ ಮೇಲೆ, ಸಂಖ್ಯೆ ಹೆಚ್ಚಿದ್ದವನೇ ಮೇಲು ಎಂಬ ತೀರ್ಮಾನ ತನ್ನಷ್ಟಕ್ಕೆ ಬಂದುಬಿಡುತ್ತದೆ. ಸಾಲದ್ದಕ್ಕೆ ಆಟಗಾರರ ಜಾಗತಿಕ ಪಟ್ಟಿಗೂ ಅದೇ ಪದ, ಒಂದು ಕೂಟದಲ್ಲಿ ಬಲಿಷ್ಠರು ಮೊದಲ ಸುತ್ತಿನಲ್ಲೇ ಎದುರಾಗದಂತೆ ಚದುರಿಸಿ ಕೂರಿಸುವ ಏರ್ಪಾಡಿಗೂ ಅದೇ ಪದ. ಹೀಗೆ ಮೂರು ಸಂಗತಿಗಳು ಕಲಸಿಹೋಗಿವೆ: ಯಾರು ಬಲಶಾಲಿ, ಯಾರು ಹೆಚ್ಚು ಅಂಕ ಗಳಿಸಿದ್ದಾರೆ, ಯಾರನ್ನು ಎಲ್ಲಿ ಕೂರಿಸಬೇಕು. ಇವನ್ನು ಬಿಡಿಸಿ ನೋಡದಿದ್ದರೆ ಬನಾರಸಿನ ಒಬ್ಬ ಪೈಲ್ವಾನನಿಗೆ ಆಗುವ ನಷ್ಟ ಕಾಣುವುದಿಲ್ಲ.

ಅಂಕವಿಲ್ಲದ ಕಾಲದಲ್ಲಿ ಈ ಕೆಲಸ ನಡೆಯುತ್ತಿದ್ದುದು ಹಿರಿಯರ ನೆನಪಿನಿಂದ. ಮೈಸೂರು ದಸರಾ ಕುಸ್ತಿಯಲ್ಲಿ ಇಂದಿಗೂ ಪಂದ್ಯಾವಳಿಗೆ ಮುಂಚೆ ‘ಜೋಡಿ ಕಟ್ಟುವ’ ದಿನವೊಂದಿದೆ. ಬನಾರಸಿನಲ್ಲಿ ಜೋಡಿ ಎಂದರೆ ಎರಡು ಕೊಂತ, ಮೈಸೂರಿನಲ್ಲಿ ಎರಡು ಪೈಲ್ವಾನರು. ಬೇರೆ ಬೇರೆ ಊರುಗಳ ಗರಡಿಯವರು ಬಂದು ನಿಲ್ಲುತ್ತಾರೆ. ತೂಕ, ವಯಸ್ಸು, ಮೈಕಟ್ಟು, ಹಿಂದೆ ಯಾರನ್ನು ಚಿತ್ ಮಾಡಿದ್ದ, ಯಾವ ಉಸ್ತಾದನ ಕೈಯಲ್ಲಿ ಪಳಗಿದವನು, ಇವೆಲ್ಲವನ್ನೂ ನೋಡಿ ಹಿರಿಯರು ಸಮಜೋಡಿ ಹುಡುಕುತ್ತಾರೆ. ಬನಾರಸಿನ ದಂಗಲ್‌ಗಳಲ್ಲೂ ರೀತಿ ಹೆಚ್ಚು ಕಡಿಮೆ ಇದೇ. ಇದು ಅಂದಾಜಿನ ಕೆಲಸ ಎಂದು ತಳ್ಳಿಹಾಕುವಂತಿಲ್ಲ. ಗೊತ್ತಿರುವವನನ್ನು ಇಟ್ಟುಕೊಂಡು ಗೊತ್ತಿಲ್ಲದವನನ್ನು ಅಳೆಯುವ ಕ್ರಮವೊಂದು ಇದರಲ್ಲಿದೆ.

ಈ ಕ್ರಮವನ್ನೇ ಗಣಿತಕ್ಕೆ ಇಳಿಸಿದ ಆಟವೊಂದಿದೆ: ಡಿಸ್ಕ್ ಗಾಲ್ಫ್. ಚೆಂಡಿನ ಬದಲು ತಟ್ಟೆಯನ್ನು ಎಸೆದು, ಸರಪಳಿ ತೂಗುಬಿಟ್ಟ ಬುಟ್ಟಿಗೆ ಬೀಳಿಸುವ ಈ ಆಟಕ್ಕೆ 1976ರಲ್ಲಿ ಅಮೆರಿಕದಲ್ಲಿ ವೃತ್ತಿಪರ ಸಂಘ ಹುಟ್ಟಿತು. ಒಂದೊಂದು ಮೈದಾನ ಒಂದೊಂದು ಥರ. ಕೆಲವು ಕಾಡಿನೊಳಗೆ, ಕೆಲವು ಬಯಲಲ್ಲಿ. ಒಂದರ ಎಣಿಕೆಯನ್ನು ಇನ್ನೊಂದರ ಎಣಿಕೆಗೆ ಹೋಲಿಸುವುದು ಹೇಗೆ? ಅವರು ಕಂಡುಕೊಂಡ ದಾರಿ ಇದು: ಆ ದಿನ ಅದೇ ಮೈದಾನದಲ್ಲಿ ಆಡಿದವರ ಪೈಕಿ ಈಗಾಗಲೇ ಸ್ಥಿರವಾದ ರೇಟಿಂಗ್ ಇರುವವರು ಹೇಗೆ ಆಡಿದರು ಎಂದು ನೋಡಿ, ಅದರಿಂದ ಉಳಿದವರ ಆಟಕ್ಕೆ ಬೆಲೆ ಕಟ್ಟುವುದು. 1000ದ ಆಸುಪಾಸಿನ ರೇಟಿಂಗ್ ಎಂದರೆ ನುರಿತ ಆಟಗಾರ. ಇದರ ಪಕ್ಕದಲ್ಲೇ ಅವರು ಇನ್ನೊಂದು ಲೆಕ್ಕವನ್ನೂ ಇಟ್ಟಿದ್ದಾರೆ. ಕೂಟದಲ್ಲಿ ಎಷ್ಟು ಜನರನ್ನು ಹಿಂದೆ ಹಾಕಿದಿರಿ, ಕೂಟದ ದರ್ಜೆ ಏನು ಎಂಬುದರ ಮೇಲೆ ಸಿಗುವ ಅಂಕಗಳು. ರೇಟಿಂಗ್ ಹೇಳುವುದು ‘ಹೇಗೆ ಆಡುತ್ತೀಯ’ ಎಂದು. ಅಂಕ ಹೇಳುವುದು ‘ಎಲ್ಲೆಲ್ಲಿ, ಎಷ್ಟು ಸಲ, ಎಷ್ಟು ಜನರ ಮುಂದೆ ಆಡಿ ಗೆದ್ದೆ’ ಎಂದು. ವರ್ಷಕ್ಕೆ ಎರಡೇ ಕೂಟಕ್ಕೆ ಬಂದವನಿಗೆ ರೇಟಿಂಗ್ ಹೆಚ್ಚಿದ್ದು ಅಂಕ ಕಡಿಮೆ ಇರಬಹುದು. ಯಾರೂ ಅದನ್ನು ವಿಚಿತ್ರ ಎಂದುಕೊಳ್ಳುವುದಿಲ್ಲ. ಎರಡು ಪ್ರಶ್ನೆಗೆ ಎರಡು ಪುಸ್ತಕ.

ಒಲಿಂಪಿಕ್ಸ್ ಕುಸ್ತಿಯಲ್ಲಿ ಪುಸ್ತಕ ಒಂದೇ. ಅಲ್ಲಿ ಅಂಕಗಳಿಗೆ ಮೂರು ಮೆಟ್ಟಿಲು. ಮೊದಲನೆಯದು ಪಂದ್ಯದೊಳಗಿನ ಅಂಕ: ಎದುರಾಳಿಯನ್ನು ಚಾಪೆಗೆ ಕೆಡವಿ ಹಿಡಿತ ಸಾಧಿಸಿದರೆ 2, ವೃತ್ತದಾಚೆ ತಳ್ಳಿದರೆ 1, ಮೇಲೆತ್ತಿ ಎಸೆದರೆ ಎಸೆತಕ್ಕೆ ತಕ್ಕಂತೆ 4 ಅಥವಾ 5. ಫ್ರೀಸ್ಟೈಲ್‌ನಲ್ಲಿ 10 ಅಂಕ ಮುಂದೆ ಹೋದರೆ ಪಂದ್ಯ ಮುಗಿಯಿತು. ಎರಡನೆಯದು ಪಂದ್ಯ ಮುಗಿದ ಮೇಲೆ ಕೊಡುವ ವರ್ಗೀಕರಣ ಅಂಕ: ಚಿತ್ ಮಾಡಿ ಗೆದ್ದವನಿಗೆ 5, ಭಾರೀ ಅಂತರದಲ್ಲಿ ಗೆದ್ದವನಿಗೆ 4, ಬರೀ ಅಂಕದ ಮೇಲೆ ಗೆದ್ದವನಿಗೆ 3. ಗೆಲುವು ಒಂದೇ ಆದರೂ ಗೆದ್ದ ಬಗೆಗೆ ಬೆಲೆ ಬೇರೆ. ಮಣ್ಣಿನ ಕುಸ್ತಿಯ ‘ಚಿತ್’ ಈ ಲೆಕ್ಕದೊಳಗೆ ತನ್ನ ಮರ್ಯಾದೆ ಉಳಿಸಿಕೊಂಡಿದೆ. ಮೂರನೆಯದು ಜಾಗತಿಕ ಪಟ್ಟಿಯ ಅಂಕ: ವಿಶ್ವ ಚಾಂಪಿಯನ್‌ಷಿಪ್, ಖಂಡಮಟ್ಟದ ಚಾಂಪಿಯನ್‌ಷಿಪ್, ಮತ್ತು ಯುನೈಟೆಡ್ ವರ್ಲ್ಡ್ ರೆಸ್ಲಿಂಗ್ 2018ರಿಂದ ನಡೆಸುತ್ತಿರುವ ರ‍್ಯಾಂಕಿಂಗ್ ಸರಣಿಯ ಕೂಟಗಳಲ್ಲಿ ಗಳಿಸಿದ್ದು. ಇದು ಆಯಾ ತೂಕದ ವಿಭಾಗಕ್ಕೆ ಮಾತ್ರ ಜಮೆಯಾಗುತ್ತದೆ. ದೊಡ್ಡ ಕೂಟಗಳಲ್ಲಿ ಯಾರಿಗೆ ಶ್ರೇಯಾಂಕ, ಯಾರು ಚೀಟಿ ಎತ್ತಿದ ಕಡೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಇದೇ.

ಮೈಸೂರಿನ ಕುಸ್ತಿಪ್ರಿಯರು ಇದಕ್ಕೆಲ್ಲ ಸೇರಿಸಿ ಒಂದೇ ಹೆಸರಿಟ್ಟಿದ್ದಾರೆ: ‘ಪಾಯಿಂಟ್ ಕುಸ್ತಿ’. ಮಣ್ಣಿನದು ‘ನಾಡಕುಸ್ತಿ’. ಮಣ್ಣು ಹೋಗಿ ಚಾಪೆ ಬಂದಿದ್ದನ್ನು ಅವರು ದೊಡ್ಡ ಬದಲಾವಣೆ ಎಂದು ಎಣಿಸಲಿಲ್ಲ, ಪಾಯಿಂಟು ಬಂದಿದ್ದನ್ನು ಎಣಿಸಿದರು.

ಈ ಒಂದೇ ಪುಸ್ತಕ ಏನನ್ನು ಬರೆದುಕೊಳ್ಳುತ್ತದೆ, ಏನನ್ನು ಬಿಡುತ್ತದೆ ಎಂಬುದಕ್ಕೆ ವಿನೇಶ್ ಫೋಗಟ್ ಅವರ ಎರಡು ಒಲಿಂಪಿಕ್ಸ್ ಸಾಕು. ಟೋಕಿಯೊದಲ್ಲಿ ಅವರು 53 ಕೆಜಿ ವಿಭಾಗದ ಅಗ್ರ ಶ್ರೇಯಾಂಕಿತೆ. ಕ್ವಾರ್ಟರ್ ಫೈನಲ್‌ನಲ್ಲಿ ಸೋತರು. ಮುಂದಿನ ವರ್ಷಗಳಲ್ಲಿ ನಡೆದದ್ದು ದೇಶಕ್ಕೇ ಗೊತ್ತು. 2023ರಲ್ಲಿ ಜಂತರ್ ಮಂತರ್‌ನಲ್ಲಿ ಕುಸ್ತಿಪಟುಗಳ ಧರಣಿ. ಅದೇ ಆಗಸ್ಟಿನಲ್ಲಿ ವಿನೇಶ್ ಮೊಣಕಾಲಿಗೆ ಶಸ್ತ್ರಚಿಕಿತ್ಸೆ. ಅದೇ ತಿಂಗಳು, ಸಮಯಕ್ಕೆ ಚುನಾವಣೆ ನಡೆಸದ ಕಾರಣಕ್ಕೆ ಭಾರತೀಯ ಕುಸ್ತಿ ಫೆಡರೇಷನ್ ಅಮಾನತು. 53 ಕೆಜಿಯ ಒಲಿಂಪಿಕ್ ಕೋಟಾ ಅಂತಿಮ್ ಪಂಘಾಲ್ ಅವರ ಗೆಲುವಿನಿಂದ ಬಂದಿದ್ದರಿಂದ ವಿನೇಶ್ 50 ಕೆಜಿಗೆ ಇಳಿದರು. ಆ ಪುಟದಲ್ಲಿ ಅವರ ಹೆಸರಿನ ಮುಂದೆ ಜಮೆ ಇರಲಿಲ್ಲ. ಪ್ಯಾರಿಸ್‌ಗೆ ಶ್ರೇಯಾಂಕವಿಲ್ಲದೆ ಹೋದರು. ಚೀಟಿ ಎತ್ತಿದಾಗ ಮೊದಲ ಪಂದ್ಯಕ್ಕೆ ಬಂದವರು ಯುಯಿ ಸುಸಾಕಿ: ಹಾಲಿ ಒಲಿಂಪಿಕ್ ಚಾಂಪಿಯನ್, ನಾಲ್ಕು ಸಲ ವಿಶ್ವ ಚಾಂಪಿಯನ್, ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅಲ್ಲಿಯವರೆಗೆ ಸೋಲೇ ಕಾಣದವರು. 2024ರ ಆಗಸ್ಟ್ 6ರಂದು ಕೊನೆಯ ಕೆಲವು ಕ್ಷಣಗಳಲ್ಲಿ ವಿನೇಶ್ 3–2ರಿಂದ ಗೆದ್ದರು.

ಈ ಕಥೆಯನ್ನು ಸಾಮಾನ್ಯವಾಗಿ ವಿನೇಶ್ ಕಡೆಯಿಂದ ಹೇಳುತ್ತಾರೆ. ಸುಸಾಕಿ ಕಡೆಯಿಂದಲೂ ನೋಡಬೇಕು. ವರ್ಷಗಟ್ಟಲೆ ಅಂಕ ಕೂಡಿಸಿ ಪಡೆಯುವ ಅಗ್ರ ಶ್ರೇಯಾಂಕದ ಉಪಯೋಗವೇ ಮೊದಲ ಸುತ್ತಿನಲ್ಲಿ ಇಂಥ ಎದುರಾಳಿ ಸಿಗದಿರಲಿ ಎಂಬುದು. ಆ ಭರವಸೆ ಅವರಿಗೆ ಸಿಗಲಿಲ್ಲ, ಯಾಕೆಂದರೆ ಪಟ್ಟಿಗೆ ವಿನೇಶ್ ಎಂಬ ಬಲದ ಅರಿವೇ ಇರಲಿಲ್ಲ. ಪಟ್ಟಿ ತಪ್ಪಿದಾಗ ನಷ್ಟ ಪಟ್ಟಿಯ ಹೊರಗಿದ್ದವರಿಗೆ ಮಾತ್ರ ಅಲ್ಲ, ಪಟ್ಟಿಯ ತುದಿಯಲ್ಲಿದ್ದವರಿಗೂ ಆಗುತ್ತದೆ. ಮೈಸೂರಿನಲ್ಲಿ ಜೋಡಿ ಕಟ್ಟುವ ಯಾವ ಹಿರಿಯನೂ ಈ ಇಬ್ಬರನ್ನು ಮೊದಲ ಕುಸ್ತಿಗೇ ಬಿಡುತ್ತಿರಲಿಲ್ಲ. ಮರುದಿನ 100 ಗ್ರಾಂ ತೂಕ ಹೆಚ್ಚಾಗಿ ವಿನೇಶ್ ಅನರ್ಹರಾದರು. ಸುಸಾಕಿ ಕಂಚು ಗೆದ್ದರು, ಸೋಲಿಸಿದವರ ಹೆಸರು ಪಟ್ಟಿಯ ಕೊನೆಗೆ ಹೋಯಿತು. ತೂಕದ ನಿಯಮ ಎಲ್ಲರಿಗೂ ಒಂದೇ, ಅದರ ಬಗ್ಗೆ ವಾದ ಬೇರೆ. ಇಲ್ಲಿ ಗಮನಿಸಬೇಕಾದ್ದು ಇಷ್ಟೇ: ಆ ಎರಡು ದಿನ ನಡೆದ ಕುಸ್ತಿಯನ್ನು ನೋಡದೆ ಬರೀ ಅಂತಿಮ ಪಟ್ಟಿ ಓದಿದವರಿಗೆ ಅಲ್ಲಿ ಏನಾಯಿತು ಎಂಬುದು ತಿಳಿಯುವುದಿಲ್ಲ.

ಹಾಗಾದರೆ ಅಂಕವನ್ನೇ ಬಿಟ್ಟು ಹಿರಿಯರ ಮಾತಿಗೆ ಮರಳೋಣವೇ? ಮಣ್ಣಿನ ಕುಸ್ತಿಯ ಬಗ್ಗೆ ಬರೆಯುವವರು ಬಹಳ ಬೇಗ ಈ ಹಳಹಳಿಕೆಗೆ ಜಾರುತ್ತಾರೆ. ಆದರೆ ಹೆಸರಿನ ಮೇಲೆ ನಡೆಯುವ ವ್ಯವಸ್ಥೆಯಲ್ಲಿ ದೊಡ್ಡ ಹೆಸರಿನವನು ಸವಾಲಿನಿಂದ ತಪ್ಪಿಸಿಕೊಂಡರೆ ಕೇಳುವವರಿಲ್ಲ. 1910ರಲ್ಲಿ ಲಂಡನ್ನಿಗೆ ಹೋದ ಗಾಮಾ ಪೈಲ್ವಾನ್ ಕೊಟ್ಟ ಸವಾಲನ್ನು ಆ ಕಾಲದ ಅತಿ ದೊಡ್ಡ ಹೆಸರುಗಳಾದ ಫ್ರಾಂಕ್ ಗಾಚ್ ಆಗಲಿ ಹ್ಯಾಕನ್‌ಶ್ಮಿಟ್ ಆಗಲಿ ಸ್ವೀಕರಿಸಲಿಲ್ಲ. ಕಣಕ್ಕಿಳಿದ ಜ್ಬಿಸ್ಕೊ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಚಾಪೆಗೆ ಅಂಟಿಕೊಂಡೇ ಕಳೆದು ಪಂದ್ಯವನ್ನು ಸಮ ಮಾಡಿಕೊಂಡರು. ವಾರದ ನಂತರದ ಮರುಪಂದ್ಯಕ್ಕೆ ಬರಲೇ ಇಲ್ಲ. ಆ ಲೆಕ್ಕ ತೀರಿದ್ದು 1928ರಲ್ಲಿ, ಪಟಿಯಾಲದಲ್ಲಿ, ಒಂದು ನಿಮಿಷದೊಳಗೆ. ಹದಿನೆಂಟು ವರ್ಷ ಕಾಯಲು ಗಾಮಾಗೆ ರಾಜರ ಆಶ್ರಯವಿತ್ತು. ಇಂದಿನ ಹುಡುಗನಿಗೆ ಅದಿಲ್ಲ. ಅಂಕದ ಪಟ್ಟಿ ಏನಲ್ಲದಿದ್ದರೂ ಒಂದು ಒತ್ತಾಯವನ್ನು ಹೇರುತ್ತದೆ: ಮೇಲೆ ಉಳಿಯಬೇಕಾದರೆ ಕಣಕ್ಕೆ ಬಾ.

ಇನ್ನೂ ದೊಡ್ಡ ಮಾತಿದೆ. ಹಿರಿಯರ ನೆನಪು ಯಾರನ್ನು ನೆನಪಿಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿರುತ್ತದೆ. ತುಳಸೀದಾಸರ ಹೆಸರಿನೊಂದಿಗೆ ಬೆಸೆದುಕೊಂಡ ಬನಾರಸಿನ ಅಖಾಡದ ಮಣ್ಣಿಗೆ ಹೆಣ್ಣುಮಕ್ಕಳು ಇಳಿದದ್ದು 2017ರಲ್ಲಿ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಕುಸ್ತಿ ಬಂದದ್ದು 2004ರಲ್ಲಿ, 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದಾಗಿತ್ತು. ಪಾಯಿಂಟ್ ಕುಸ್ತಿಯ ಪುಸ್ತಕದಲ್ಲಿ ಹೆಣ್ಣುಮಕ್ಕಳಿಗೆ ಪುಟ ತೆರೆದು ಹದಿಮೂರು ವರ್ಷವಾದ ಮೇಲೆ ಆ ಅಖಾಡದ ಬಾಗಿಲು ತೆರೆಯಿತು. ಬರೆದಿಟ್ಟ ಅಂಕಕ್ಕೆ ಮುಲಾಜಿಲ್ಲ. ಅದು ಜಾತಿ, ಗುರುಮನೆ, ಗಂಡು ಹೆಣ್ಣು ಕೇಳುವುದಿಲ್ಲ. ಈ ಗುಣವನ್ನು ಬಿಟ್ಟುಕೊಡಬಾರದು.

ಆದರೆ ಅದು ಇನ್ನೊಂದನ್ನು ಕೇಳುತ್ತದೆ: ಟಿಕೆಟ್ ಇದೆಯಾ? ಇದು ಕುಸ್ತಿಗೆ ಮಾತ್ರ ಸೀಮಿತವಲ್ಲ. ಬನಾರಸಿಗೆ ಹತ್ತಿರದ ಲಖನೌದಲ್ಲಿ ನಡೆಯುವ ಸೈಯದ್ ಮೋದಿ ಬ್ಯಾಡ್ಮಿಂಟನ್ ಕೂಟ ಸೂಪರ್ 300 ದರ್ಜೆಯದು. ಅದನ್ನು ಗೆದ್ದವರಿಗೆ 7,000 ಅಂಕ. ಸೂಪರ್ 1000 ದರ್ಜೆಯ ಕೂಟದ ಸೆಮಿಫೈನಲ್‌ನಲ್ಲಿ ಸೋತವರಿಗೆ 8,400. ಅಂದರೆ ಇಲ್ಲಿ ಎಲ್ಲರನ್ನೂ ಗೆದ್ದವರಿಗಿಂತ ಅಲ್ಲಿ ಸೋತವರಿಗೆ ಹೆಚ್ಚು. ಎದುರಾಳಿಗಳು ಬಲವಾದವರು, ಆದ್ದರಿಂದ ಇದು ಸರಿಯೇ. ಆದರೆ ಆ ಕೂಟಕ್ಕೆ ಪ್ರವೇಶ ಸಿಗುವುದು ಪಟ್ಟಿಯಲ್ಲಿ ಮೇಲಿರುವವರಿಗೆ. ಜೊತೆಗೆ ಪಟ್ಟಿ ಎಣಿಸುವುದು 52 ವಾರಗಳಲ್ಲಿ ಆಡಿದ ಅತ್ಯುತ್ತಮ ಹತ್ತು ಕೂಟಗಳನ್ನು. ಮೂರೇ ಕೂಟಕ್ಕೆ ಹೋಗಲು ಶಕ್ತಿ ಇರುವವರ ಲೆಕ್ಕದಲ್ಲಿ ಏಳು ಸೊನ್ನೆಗಳು. ಬ್ಯಾಂಕು ಆಸ್ತಿ ಇದ್ದವರಿಗೇ ಸಾಲ ಕೊಡುವ ಹಾಗೆ, ಪಟ್ಟಿ ಅಂಕ ಇದ್ದವರಿಗೇ ಅಂಕದ ದಾರಿ ತೋರಿಸುತ್ತದೆ.

ಬನಾರಸಿನ ಪೈಲ್ವಾನನ ಪಾಡು ಇದಕ್ಕಿಂತ ಕಠಿಣ, ಯಾಕೆಂದರೆ ಅವನು ಈ ಏಣಿಯ ಮೊದಲ ಮೆಟ್ಟಿಲಿಗೂ ಬಂದಿಲ್ಲ. ಮನೆಯವರು ಹಾಲು, ತುಪ್ಪ, ಬಾದಾಮಿಗೆ ಸುರಿದ ಹಣಕ್ಕೆ ಕೊನೆಗೆ ಒಂದೇ ನಿರೀಕ್ಷೆ: ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಪೊಲೀಸಿನಲ್ಲೋ ಒಂದು ನೌಕರಿ. ಡೀಸೆಲ್ ಎಂಜಿನ್ ಕಾರ್ಖಾನೆಯಾಗಿ ಹೆಸರಾದ ಇಂದಿನ ಬನಾರಸ್ ಲೋಕೋಮೋಟಿವ್ ವರ್ಕ್ಸ್ ಅದೇ ಊರಿನಲ್ಲಿದೆ. ಆದರೆ ಅರ್ಜಿಯಲ್ಲಿ ಕೇಳುವುದು ಮಾನ್ಯತೆ ಪಡೆದ ಕೂಟದಲ್ಲಿ ಎಷ್ಟನೇ ಸ್ಥಾನ ಬಂದೆ ಎಂದು. ಸುತ್ತಲಿನ ಜಿಲ್ಲೆಗಳ ದಂಗಲ್‌ಗಳಲ್ಲಿ ವರ್ಷಗಟ್ಟಲೆ ಬೆನ್ನು ಮಣ್ಣಿಗೆ ತಾಗಿಸದವನಾದರೂ ಆ ಕಾಲಂನಲ್ಲಿ ಬರೆಯಲು ಏನೂ ಇರುವುದಿಲ್ಲ. ದಂಗಲ್ಲಿನಲ್ಲಿ ಇನಾಮು ಸಿಗುತ್ತದೆ, ಪೇಟ ಸಿಗುತ್ತದೆ, ಪ್ರಮಾಣಪತ್ರ ಸಿಗುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಸಿಗ್ರಾದ ಹೊಸ ಕ್ರೀಡಾ ಸಂಕೀರ್ಣ ಉದ್ಘಾಟನೆಯಾಯಿತು, ಚಾಪೆ ಬಂತು. ಚಾಪೆಗೂ ಘಾಟಿನ ಮಣ್ಣಿಗೂ ನಡುವೆ ಲೆಕ್ಕದ ಸಂಬಂಧ ಮಾತ್ರ ಇನ್ನೂ ಇಲ್ಲ.

ಹೆಸರು ದೊಡ್ಡದೋ ಬರೆದಿಟ್ಟ ಲೆಕ್ಕ ದೊಡ್ಡದೋ ಎಂಬ ಜಗಳ ವಾರಾಣಸಿ ಜಿಲ್ಲೆಯ ಮೂಲದ ಒಬ್ಬ ಪೈಲ್ವಾನನ ಹೆಸರಿನಲ್ಲಿ ಒಮ್ಮೆ ದೆಹಲಿ ಹೈಕೋರ್ಟ್‌ಗೂ ಹೋಗಿತ್ತು. ಮುಂಬೈಯಲ್ಲಿ ಹಾಲು ಮಾರುತ್ತಿದ್ದವರ ಮಗ ನರಸಿಂಗ್ ಯಾದವ್ 2015ರ ಲಾಸ್ ವೇಗಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದು 74 ಕೆಜಿಯಲ್ಲಿ ದೇಶಕ್ಕೆ ಒಲಿಂಪಿಕ್ ಕೋಟಾ ತಂದರು. ಎರಡು ಒಲಿಂಪಿಕ್ ಪದಕ ಗೆದ್ದಿದ್ದ ಸುಶೀಲ್ ಕುಮಾರ್, ಇಬ್ಬರಿಗೂ ಆಯ್ಕೆ ಕುಸ್ತಿ ಇಡಿ, ಗೆದ್ದವರು ಹೋಗಲಿ ಎಂದರು. 2016ರ ಜೂನ್‌ನಲ್ಲಿ ನ್ಯಾಯಾಲಯ ಆ ಬೇಡಿಕೆಯನ್ನು ತಳ್ಳಿಹಾಕಿತು. ಮುಂದೆ ಉದ್ದೀಪನ ಮದ್ದಿನ ಪ್ರಕರಣದಲ್ಲಿ ನರಸಿಂಗ್‌ಗೆ ನಾಲ್ಕು ವರ್ಷದ ನಿಷೇಧ ಬಿದ್ದು ಅವರು ರಿಯೋದಲ್ಲಿ ಕಣಕ್ಕೆ ಇಳಿಯಲೇ ಇಲ್ಲ. ಅದು ಬೇರೆಯೇ ಕಥೆ. ಆದರೆ ಆ ಜಗಳದಲ್ಲಿ ಎರಡೂ ಕಡೆ ನ್ಯಾಯವಿತ್ತು. ಗೆದ್ದು ತಂದದ್ದನ್ನು ದೊಡ್ಡ ಹೆಸರೊಂದು ಬಂದು ಕೇಳುವುದು ಸರಿಯಲ್ಲ. ಇಬ್ಬರು ಇರುವಾಗ ಕುಸ್ತಿ ಬಿಟ್ಟು ನೋಡಿ ಎನ್ನುವುದು ಅಖಾಡದ ಅತಿ ಹಳೆಯ ನ್ಯಾಯ. ಇಲ್ಲದ್ದು ಒಂದೇ: ಕೋಟಾ ಗೆಲ್ಲುವ ಮೊದಲೇ ಎಲ್ಲರಿಗೂ ತಿಳಿಸಿಟ್ಟ ನಿಯಮ. ಆಟ ಮುಗಿದ ಮೇಲೆ ಅಳತೆಗೋಲು ಹುಡುಕಲು ಹೋದರೆ ಯಾರು ಗೆದ್ದರೂ ಅನ್ಯಾಯವೆಂದೇ ಕಾಣುತ್ತದೆ.

ಆದ್ದರಿಂದ ಬೇಕಾದ್ದು ಅಂಕದ ಪಟ್ಟಿಯನ್ನು ಕಿತ್ತುಹಾಕುವುದಲ್ಲ, ಅದರ ಕೆಲಸವನ್ನು ಅದಕ್ಕೆ ತಕ್ಕಷ್ಟಕ್ಕೆ ಇಳಿಸುವುದು. ಡಿಸ್ಕ್ ಗಾಲ್ಫಿನವರ ಹಾಗೆ ಎರಡು ಪುಸ್ತಕ ಇರಲಿ. ಎಷ್ಟು ಕೂಟಕ್ಕೆ ಹೋದ ಎಂಬುದಕ್ಕೆ ಒಂದು, ಯಾರನ್ನು ಎದುರಿಸಿ ಹೇಗೆ ಆಡಿದ ಎಂಬುದಕ್ಕೆ ಇನ್ನೊಂದು. ಎರಡನೆಯದಕ್ಕೆ ವಿಮಾನದ ಟಿಕೆಟ್ ಬೇಡ. ಪಟ್ಟಿಯಲ್ಲಿರುವ ಒಬ್ಬ ಪೈಲ್ವಾನ ಹಳ್ಳಿಯ ದಂಗಲ್ಲಿಗೆ ಬಂದು ಹೋದರೆ ಸಾಕು, ಅವನೊಂದಿಗೆ ಸೆಣಸಿದವನ ಬಲಕ್ಕೂ ಒಂದು ಅಂದಾಜು ಸಿಗುತ್ತದೆ, ಅವನಿಂದ ಮತ್ತೊಬ್ಬನಿಗೆ. ಜೋಡಿ ಕಟ್ಟುವ ಹಿರಿಯರು ತಲೆಯೊಳಗೆ ಮಾಡುತ್ತಿದ್ದ ಲೆಕ್ಕ ಇದೇ. ಅದನ್ನು ಕಾಗದಕ್ಕೆ ಇಳಿಸಿದರೆ ಅವರ ಮುಲಾಜು ಅಲ್ಲಿಗೆ ನಿಲ್ಲುತ್ತದೆ, ಅವರ ಅರಿವು ಉಳಿಯುತ್ತದೆ.

ಇದಕ್ಕೆ ಮೊದಲ ಹೆಜ್ಜೆ ತೀರ ಸಣ್ಣದು. ನಾಗರಪಂಚಮಿಯ ದಿನ, ದಸರೆಯ ದಿನ, ಯಾವುದೇ ಊರಹಬ್ಬದ ಕುಸ್ತಿಯ ದಿನ ಒಬ್ಬರು ಕೂತು ಬರೆಯಬೇಕು: ಯಾರು, ಎಷ್ಟು ತೂಕ, ಯಾರ ಮೇಲೆ, ಚಿತ್ತೋ ಸಮವೋ, ಎಷ್ಟು ಹೊತ್ತು. ರಾಜ್ಯದ ಕುಸ್ತಿ ಸಂಘ ಆ ಪುಸ್ತಕಕ್ಕೆ ಮೊಹರು ಹಾಕಿ, ಜಿಲ್ಲಾ ಮಟ್ಟದ ಆಯ್ಕೆಗೆ ಕರೆಯುವಾಗ ತೆರೆದು ನೋಡಬೇಕು. ಗಾಯವಾದಾಗ, ಹೆರಿಗೆಯಾದಾಗ, ಫೆಡರೇಷನ್ನಿನ ತಪ್ಪಿನಿಂದ ಕೂಟ ತಪ್ಪಿದಾಗ ಆಟಗಾರರ ಹಳೆಯ ಸ್ಥಾನವನ್ನು ಒಂದಷ್ಟು ಕಾಲ ಕಾಯ್ದಿಡಬೇಕು. ಮಹಿಳಾ ಟೆನಿಸ್‌ನಲ್ಲಿ ಗಾಯಕ್ಕೂ ಹೆರಿಗೆಗೂ ಇಂಥ ಏರ್ಪಾಡು ಬಹಳ ಕಾಲದಿಂದ ಇದೆ. ಆಯ್ಕೆ ಕುಸ್ತಿ ಇದೆಯೋ ಇಲ್ಲವೋ ಎಂಬುದನ್ನು ವರ್ಷದ ಆರಂಭದಲ್ಲೇ ಸಾರಬೇಕು.

ಜೋಡಿ ತಿರುಗಿಸುವವನ ಸುತ್ತುಗಳನ್ನು ಬನಾರಸಿನ ಜನ ಒಂದೂ ಬಿಡದೆ ಎಣಿಸುತ್ತಾರೆ. ಅದೇ ಅಂಗಳದಲ್ಲಿ, ಅದೇ ಮಧ್ಯಾಹ್ನ, ಕುಸ್ತಿ ಗೆದ್ದವನ ಹೆಸರು ಕೇಕೆ ಅಡಗುವುದರೊಳಗೆ ಗಾಳಿಗೆ ಹೋಗುತ್ತದೆ. ಅದನ್ನು ಬರೆದಿಡಲು ಬೇಕಾದ್ದು ಒಂದು ನೋಟುಬುಕ್ಕು, ಒಂದು ತಕ್ಕಡಿ, ಮತ್ತು ಆ ನೋಟುಬುಕ್ಕನ್ನು ನಂಬುವ ಒಂದು ಕಚೇರಿ. ಮೊದಲ ಎರಡು ಯಾವ ಅಖಾಡದಲ್ಲೂ ಹೊಂದಿಸಬಹುದು. ಕೇಳಬೇಕಾಗಿರುವುದು ಮೂರನೆಯದನ್ನು.